ತಂಗಿಯ ಕಡೆಯ ಗೋಡೆ

ನನ್ನ ತಂಗಿ ನೀಲವ್ವ ತೀರಿಕೊಂಡದ್ದು ಓಣಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಅವಳು ಪ್ರಾಣ ಬಿಟ್ಟ ಜಾಗಕ್ಕೂ ನಾನು ಕುಳಿತಿದ್ದ ಜಾಗಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ.

ಅಂದು ಬೆಳಿಗ್ಗೆ ನಾನು ಪೂಜೆಯ ಕೋಣೆಯ ಬಾಗಿಲು ಹಾಕಿಕೊಂಡು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ. ಯಾರೋ ಬಾಗಿಲು ಬಡಿದರು. ಎದುರು ಮನೆಯ ಸಿಂಪಿಗ ಗದಿಗೆಪ್ಪನ ದನಿ. "ಅಯ್ಯಾರ, ಏಳ್ರಿ! ಗ್ವಾಡಿ ಹಳದಿ ಆಗ್ಯಾವ್ರಿ. ನಮ್ಮನಿವಷ್ಟ ಅಲ್ಲ, ಓಣ್ಯಾಗಿನವು ಎಲ್ಲಾ!" ನಾನು ಕಣ್ಣು ತೆರೆಯಲಿಲ್ಲ. "ಪೂಜಿ ಮುಗಿಯೂತನಕ ಕರಿಬ್ಯಾಡ್ರಂತ ನಿಮಗ ಎಷ್ಟ ಸಲ ಹೇಳ್ಬೇಕೋ?" ಎಂದು ಗದರಿ, ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದೆ. ಅವನು ಮತ್ತೆ ಬಡಿಯಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೆಂಗಸರು ಒಳಗೆ ಬಂದರು. ಅವರ ಅಳು ನನ್ನ ಗಂಟೆಯನ್ನು ಮೀರಿ ಕೇಳಿದಾಗ ನಾನು ಎದ್ದೆ.

ನೀಲವ್ವ ತನ್ನ ಕೋಣೆಯಲ್ಲಿ ಟಿ.ವಿ.ಯ ಮುಂದೆ ಮಣೆಯ ಮೇಲೆ ಕುಳಿತಂತೆಯೇ ಬಾಗಿದ್ದಳು. ರಿಮೋಟು ಮಡಿಲಲ್ಲಿತ್ತು. ಮಗ್ಗುಲಲ್ಲಿ ಸ್ಟೀಲಿನ ತಟ್ಟೆ ಬೋರಲು ಬಿದ್ದು ಚುರುಮುರಿ ಕೋಣೆಯ ತುಂಬ ಚೆಲ್ಲಿತ್ತು. ಆ ತಟ್ಟೆ ಬಿದ್ದ ಸದ್ದು ಕೂಡ ನನಗೆ ಕೇಳಿರಲಿಲ್ಲ.

ನಮ್ಮ ಊರಿನಲ್ಲಿ ಮನೆಗಳನ್ನು ಆಟದಲ್ಲಿ ಕಟ್ಟುತ್ತಾರೆ. ಟಿ.ವಿ.ಯ ಮುಂದೆ ಕುಳಿತು, ಅಲ್ಲಿಯ ಕಾಡಿನಲ್ಲಿ ಮರ ಕಡಿದು, ಅಲ್ಲಿಯ ಗುಡ್ಡದಲ್ಲಿ ಕಲ್ಲು ಒಡೆದು, ಪಾಯ ಹಾಕಿ, ಕಂಬ ನಿಲ್ಲಿಸಿ, ಚಾವಣಿ ಹೊದಿಸಿದರೆ ಇಲ್ಲಿ ನೆಲದ ಮೇಲೆ ಮನೆ ಏಳುತ್ತದೆ. ಅಲ್ಲಿ ಬಿದ್ದದ್ದು ಇಲ್ಲಿಯೂ ಬೀಳುತ್ತದೆ. ಕತ್ತಲಾದ ಮೇಲೆ ಆ ಕಾಡಿನಿಂದ ಎಂಥವೋ ಬಂದು ಗೋಡೆಗಳನ್ನು ಗುದ್ದುತ್ತವೆ. ಗಟ್ಟಿಯಿದ್ದದ್ದು ತಡೆಯುತ್ತದೆ, ಉಳಿದದ್ದು ಹೋಗುತ್ತದೆ. ಗೋಡೆಯ ಮೇಲೆ ಅಂಗೈ ಇಟ್ಟರೆ ಅದರ ಬಣ್ಣ ತಿಳಿಯುತ್ತದೆ. ನೆಲದ ಬಲ ಪೂರ್ತಿ ಸಿಕ್ಕಿದ್ದರೆ ನೀಲಿ, ಕಡಿಮೆಯಾದರೆ ಹಸಿರು, ಆಮೇಲೆ ಹಳದಿ. ಕೆಂಪಾದರೆ ಬಿದ್ದಂತೆಯೇ. ಬೆಳಿಗ್ಗೆ ಎದ್ದು ಗೋಡೆ ಮುಟ್ಟಿ ನೋಡದೆ ನಮ್ಮಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆಯುವ ನೆಪದಲ್ಲಿ ಹಿತ್ತಿಲ ಗೋಡೆಯನ್ನು ಮುಟ್ಟಿ ಬರುತ್ತಾರೆ.

ಪ್ರತಿ ಓಣಿಗೂ ಕಟ್ಟುವವರು ಒಬ್ಬರಿರುತ್ತಾರೆ. ನಮ್ಮ ಓಣಿಗೆ ನೀಲವ್ವ. ಕಟ್ಟುವವರು ದಿನವೂ ಕುಳಿತು ಸವೆದ ಕಡೆಯಲ್ಲೆಲ್ಲ ಸುತ್ತಿಗೆ ಹೊಡೆಯಬೇಕು. ಅವರು ಸತ್ತರೆ ಅವರು ಕಟ್ಟಿದ್ದೆಲ್ಲ ಸಡಿಲವಾಗತೊಡಗುತ್ತದೆ. ಅದೇ ಮನೆಯಲ್ಲಿ ಉಂಡು ಮಲಗುವವರು ಯಾರಾದರೂ ಅಂದು ದೀಪ ಹಚ್ಚುವುದರೊಳಗೆ ಆ ಸುತ್ತಿಗೆಯನ್ನು ಹಿಡಿದರೆ ಓಣಿ ಉಳಿಯುತ್ತದೆ. ಬೇರೆಯವರು ಹಿಡಿದರೆ ಏಟು ತಗಲುವುದಿಲ್ಲ. ಓಣಿಯ ಗೋಡೆಗಳೆಲ್ಲ ಒಟ್ಟಿಗೆ ಹಳದಿಯಾದವು ಎಂದರೆ ಅದರ ಅರ್ಥ ಒಂದೇ. ಗದಿಗೆಪ್ಪ ಬಾಗಿಲು ಬಡಿಯುವಾಗ ಅದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲಾರದೆ ಗೋಡೆಯ ಮಾತು ತೆಗೆದಿದ್ದ.

ಹೆಂಗಸರು ನೀಲವ್ವನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಭಜನೆಯವರು ಬಂದರು. ನಾನು ಅವಳ ಪಕ್ಕದಲ್ಲಿ ಕುಳಿತಿದ್ದಾಗ ಗದಿಗೆಪ್ಪ ಬಂದು ಕಾಲು ಹಿಡಿದ. "ಅಯ್ಯಾರ, ಈ ಹೊತ್ತಿನ್ಯಾಗ ಕೇಳಬಾರದು. ಆದ್ರ ನಮ್ಮವ್ವ ಮ್ಯಾಲದಾಳ್ರಿ. ಒಂದೀಟು ವಿಭೂತಿ ಹಚ್ಚಿ ಬರ್ರಿ. ನಿಮ್ಮ ಕೈ ಬಿದ್ರ ಕಂಬ ತಡಿತಾವು."

ಅವನ ಮನೆಯ ಮೇಲಂತಸ್ತು ಹಳ್ಳದ ಕಡೆಗೆ ಚಾಚಿಕೊಂಡಿದೆ. ಓಣಿಯಲ್ಲಿ ಜಾಗವಿಲ್ಲದ್ದಕ್ಕೆ ನೀಲವ್ವ ಹಾಗೆ ಕಟ್ಟಿದ್ದಳು. ಅಲ್ಲಿ ಅವನ ತಾಯಿ ಫಕೀರವ್ವ, ಸೊಂಟ ಹೋದವಳು, ಮಲಗಿರುತ್ತಾಳೆ.

ಅವನು ಕೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಾನು ಮಠದ ಅಯ್ಯ. ಪ್ರತಿ ಸೋಮವಾರ ಕಾಲಿಗೆ ಜಂಗು ಕಟ್ಟಿಕೊಂಡು, ಆ ಗೆಜ್ಜೆಯ ಸದ್ದಿನೊಂದಿಗೆ ಓಣಿಯ ಮನೆಮನೆಗೂ ಹೋಗಿ, ಮುಂದಿನ ಕಂಬಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದೆ. ಹಸಿರಿಗೆ ಇಳಿದಿದ್ದ ಕಂಬ ನನ್ನ ಬೆರಳಿನ ಕೆಳಗೆ ನೀಲಿಗೆ ತಿರುಗುತ್ತಿತ್ತು. ಜನ ಕೈಮುಗಿಯುತ್ತಿದ್ದರು. ನಾನು ಕಣ್ಣು ಮುಚ್ಚಿ ಶಿವನನ್ನು ನೆನೆಯುತ್ತಿದ್ದೆ. ಮನೆಗೆ ಬಂದು, "ನೀ ಸುತ್ತಿಗಿ ಹಿಡಕೊಂಡು ಕುಂತಿರು. ನಿಲ್ಲಿಸಾವ ಬ್ಯಾರೆ ಅದಾನ" ಎಂದು ನೀಲವ್ವನಿಗೆ ಹೇಳುತ್ತಿದ್ದೆ. "ಹೌದಣ್ಣಾ" ಎನ್ನುತ್ತಿದ್ದಳು.

ನಾನು ಎದ್ದು ಹೋದೆ. ಓಣಿಯವರೆಲ್ಲ ಹಿಂದೆ ಬಂದರು. ಗದಿಗೆಪ್ಪನ ಮೆಟ್ಟಿಲಿನ ಕಂಬದ ಮೇಲೆ ವಿಭೂತಿ ಎಳೆದು ಅಂಗೈ ಇಟ್ಟೆ. ಹಳದಿ. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದೆ. ಕಣ್ಣು ತೆರೆದಾಗ ನನ್ನ ಬೆರಳುಗಳ ಸುತ್ತ ಕಂಬ ಕೆಂಪಗಾಗುತ್ತಿತ್ತು. ಯಾರೋ ನನ್ನನ್ನು ಹಿಂದಕ್ಕೆ ಎಳೆದರು. ಮೆಟ್ಟಿಲು ಇಡಿಯಾಗಿ ಕುಸಿದು ಹಳ್ಳಕ್ಕೆ ಬಿತ್ತು. ನನ್ನ ಮೂರು ಎಳೆಗಳಿದ್ದ ತುಂಡು ನೀರಿನ ಪಕ್ಕದಲ್ಲಿ ಮೇಲ್ಮುಖವಾಗಿ ಬಿದ್ದಿತ್ತು.

ಮೇಲಿನಿಂದ ಫಕೀರವ್ವನ ದನಿ. "ಗದಿಗ್ಯಾ, ಏನ್ ಬೀಳಿಸಿದೋ ಮೂಳಾ? ನನ್ನ ಚಹಾ ಎಲ್ಲಿ?"

"ತರ್ತೀನಬೇ! ಸುಮ್ನ ಮಲಕೊ, ಅಳ್ಳಾಡಬ್ಯಾಡ!" ಎಂದು ಗದಿಗೆಪ್ಪ ಕೂಗಿದ. ಮೇಲೆ ಹೋಗಲು ದಾರಿಯೇ ಇರಲಿಲ್ಲ. ಏಣಿ ಒರಗಿಸಲು ಮುಟ್ಟಿದ ಕಡೆಯಲ್ಲೆಲ್ಲ ಗೋಡೆ ಕೆಂಪಾಗುತ್ತಿತ್ತು.

ಜನ ನನ್ನನ್ನು ನೋಡಿದರು. ಮಾತಾಡಿದವಳು ಮಿರ್ಚಿ ಕರಿಯುವ ದ್ಯಾಮವ್ವ. ಅವಳು ಮುಂದಿನ ಓಣಿಯನ್ನು ಕಟ್ಟುವವಳು, ನೀಲವ್ವನ ಗೆಳತಿ. ಆಟದಲ್ಲಿ ಇಬ್ಬರೂ ಕೂಡಿಯೇ ಮರ ಕಡಿಯಲು ಹೋಗುತ್ತಿದ್ದರು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು.

"ಬೂದಿ ಇಡ್ರಿ ಅಯ್ಯಾರ ಬದಿಗೆ," ಎಂದಳು. "ಅದು ನಿಂದರಸೋದಾಗಿದ್ರ ನನ್ನ ಒಲಿ ಮುಂದಿನ ಗ್ವಾಡಿ ಇಷ್ಟೊತ್ತಿಗೆ ಬೆಳ್ಳಿ ಆಗ್ತಿತ್ತು."

"ಪ್ರತಿ ಸೋಮವಾರ ನೀಲಿ ಆಗ್ತಿತ್ತಲ್ಲ ದ್ಯಾಮವ್ವ, ನೀನ ನೋಡಿದ್ದಿ," ಎಂದೆ. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿತು.

"ಆಗ್ತಿತ್ರಿ. ನಿಮ್ಮ ಜಂಗಿನ ಸಪ್ಪಳ ಯಾರ ಮನಿ ಮುಂದ ನಿಂತೈತಂತ ಕಿವಿಗೊಟ್ಟು ಕೇಳಿ, ಆಕಿ ಒಳಗ ಕುಂತು ಆ ಕಂಬಕ್ಕ ಸುತ್ತಿಗಿ ಹೊಡಿತಿದ್ಲು. ಸೋಮಾರ ಆಕಿ ಮುಂಜಾನೆ ಏನೂ ತಿಂತಿರಲಿಲ್ಲ. ಸಪ್ಪಳ ತಪ್ಪಿದ್ರ ಅಣ್ಣನ ಮಾನ ಹೋಗ್ತೈತೆ ಅಂತಿದ್ಲು. ನಾ ಎಷ್ಟ ನಕ್ಕೀನಿ ಆಕಿ ಕೂಡ." ಹೇಳುತ್ತಾ ಅವಳಿಗೆ ಮತ್ತೆ ಅಳು ಬಂತು. "ಈಗ ನಿಂತು ನೋಡಬ್ಯಾಡ್ರಿ. ಆಕಿ ಕೂಡ ಒಂದ ಮನ್ಯಾಗ ಉಂಡಾವ್ರು ನೀವೊಬ್ರ. ನಡ್ರಿ, ಕುಂದರ್ರಿ."

ಸೋಮವಾರ ನೀಲವ್ವ ಉಪವಾಸ ಮಾಡುತ್ತಾಳೆ, ನನ್ನನ್ನು ನೋಡಿ ಭಕ್ತಿ ಕಲಿತಿದ್ದಾಳೆ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದೆ. ಅದೇ ನಾಲ್ಕು ಜನ ಅಲ್ಲಿ ನಿಂತಿದ್ದರು.

ಹೀಗೆ, ತಂಗಿಯ ದೇಹ ಪಡಸಾಲೆಯಲ್ಲಿ ಕುಳಿತಿರುವಾಗ, ಭಜನೆ ನಡೆಯುತ್ತಿರುವಾಗ, ನಾನು ಒಳಗೆ ಅವಳ ಮಣೆಯ ಮೇಲೆ ಕುಳಿತು ರಿಮೋಟು ಹಿಡಿದೆ. ಸುದ್ದಿ ಕೇಳಿ ಬಂದವರು ಬಾಗಿಲಲ್ಲಿ ಇಣುಕಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಅವಳ ಬೆರಳು ತಾಗಿ ತಾಗಿ ಗುಂಡಿಗಳ ಮೇಲಿನ ಗುರುತು ಅಳಿಸಿಹೋಗಿತ್ತು. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ.

ಟಿ.ವಿ.ಯಲ್ಲಿ ಒಬ್ಬ ಪುಟ್ಟ ಹೆಂಗಸು ನಮಗೆ ಬೆನ್ನು ಮಾಡಿ ನಿಂತಿದ್ದಳು. ಹೆಗಲ ಮೇಲೆ ಸುತ್ತಿಗೆ. ಮುಂದೆ ಗದಿಗೆಪ್ಪನ ಮನೆ. ನೀಲವ್ವ ಅವಳನ್ನು ಅಲ್ಲಿ ನಿಲ್ಲಿಸಿ ಹೋಗಿದ್ದಳು. ನಾನು ಗುಂಡಿ ಒತ್ತಿದೆ. ಅವಳು ಧಡಧಡ ಓಡಿ ಹಳ್ಳಕ್ಕೆ ಬಿದ್ದಳು.

"ಯವ್ವಾ! ಈಸು ಬರತೈತ್ರಿ ಆಕಿಗೆ, ನೀವು ಗಾಬರಿ ಆಗಬ್ಯಾಡ್ರಿ," ಎಂದಳು ದ್ಯಾಮವ್ವ. "ಎಡಗೈ ಹೆಬ್ಬಟ್ಟು ಮೆತ್ತಗ ದಬ್ಬರಿ. ಮೆತ್ತಗಂದ್ನೆಲ್ಲ! ಲಿಂಗ ಹಿಡಿಯೋವಾಗ ಹಿಂಗ ಒತ್ತತೀರೇನು?"

ತಂಗಿಯನ್ನು ನಾನು ಕೈಹಿಡಿದು ನಡೆಸಿದವನಲ್ಲ. ಅವಳು ಗಂಡ ಸತ್ತು ಈ ಮನೆಗೆ ಬಂದಂದಿನಿಂದ ಅವಳೇ ನನಗೆ ನೀರು, ಅನ್ನ, ಹೂವು, ಪತ್ರಿ ಹೊಂದಿಸಿದವಳು. ಈಗ ಅವಳ ಆ ಪುಟ್ಟ ರೂಪವನ್ನು ಕಲ್ಲಿಗೆ, ಮರಕ್ಕೆ, ಗೋಡೆಗೆ ತಾಗಿಸುತ್ತ ದಡ ಹತ್ತಿಸಿದೆ. ಸುತ್ತಿಗೆಯನ್ನು ಎತ್ತಿಸಿ ಒಂದು ಕಂಬಕ್ಕೆ ಹೊಡೆದೆ. ಏಟು ತಗಲಿತು. ಹೊರಗೆ ಓಣಿಯಲ್ಲಿ "ಹಸಿರು ಬಂತು! ನಮ್ಮನ್ಯಾಗ ಹಸಿರು ಬಂತು!" ಎಂಬ ಕೂಗು ಕೇಳಿತು. ಒಂದೊಂದೇ ಮನೆಯ ಮುಂದೆ ಅವಳನ್ನು ನಡೆಸಿಕೊಂಡು ಹೋಗಿ ಹೊಡೆದೆ. ಮಧ್ಯಾಹ್ನ ಕಳೆಯುವುದರೊಳಗೆ ಸಣ್ಣ ಮನೆಗಳೆಲ್ಲ ಹಸಿರಿಗೆ ಬಂದವು.

ಗದಿಗೆಪ್ಪನ ಮನೆ ಬರಲಿಲ್ಲ. ಎಷ್ಟು ಹೊಡೆದರೂ ಮೇಲಂತಸ್ತು ಕೆಂಪಾಗಿಯೇ ಇತ್ತು.

"ಬರೇ ಹೊಡೆದ್ರ ಆಗಾಂಗಿಲ್ಲ ಅದು," ಎಂದಳು ದ್ಯಾಮವ್ವ. "ಮ್ಯಾಲಿಂದು ಗಾಳ್ಯಾಗ ಐತಿ. ಗ್ವಾಡಿಗೆ ಗ್ವಾಡಿ ಹಿಡಕೊಂಡಷ್ಟಕ್ಕ ನಡ್ಯಾಂಗಿಲ್ಲ, ಕೊನಿಗೆ ಒಂದು ನೆಲ ಮುಟ್ಟಿರಬೇಕು. ಹಳ್ಳದಾಗ ಕಲ್ಲಿನ ಕಂಬ ಎಬ್ಬಿಸಿ ಮ್ಯಾಲಿಂದಕ್ಕ ಆನಿಸಬೇಕು. ಅದನ್ನ ಮಾಡಾಕ ನಿಂತಿದ್ಲು ಆಕಿ, ಮುಂಜಾನೆ."

ಕಲ್ಲಿನ ಪೆಟ್ಟಿಗೆ ತೆಗೆದು ನೋಡಿದೆವು. ಬರಿದಾಗಿತ್ತು. ಕಲ್ಲಿನ ಗುಡ್ಡ ಆ ಆಟದಲ್ಲಿ ಬಹಳ ದೂರ. "ಹೋಗಿ ಒಡಕೊಂಡು ಬರೋದ್ರಾಗ ಕತ್ತಲಾಗತೈತಿ," ಎಂದಳು ದ್ಯಾಮವ್ವ. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು. "ಎಲ್ಲೆರ ಕಟ್ಟಿದ್ದನ್ನ ಬಿಚ್ಚಿದ್ರ ಅದರ ಕಲ್ಲು ಕೈಗೆ ಬರತೈತಿ. ಆದ್ರ ಯಾರ ಮನಿ ಬಿಚ್ಚತೀರಿ?"

ಆಗ ನಾನು ಆ ಹೆಂಗಸನ್ನು ನಮ್ಮ ಮನೆಯ ಕಡೆ ತಿರುಗಿಸಿದೆ. ನಮ್ಮ ಮನೆಯನ್ನು ಆಟದಲ್ಲಿ ನಾನು ಅಂದಿನವರೆಗೆ ನೋಡಿರಲಿಲ್ಲ. ಹೊರಗಿನಿಂದ ನೋಡಿದರೆ ಒಂದು ಮೂಲೆಯಲ್ಲಿ ಕೋಟೆಯಂಥದು ಎದ್ದು ನಿಂತಿತ್ತು. ಕಲ್ಲಿನ ಹಿಂದೆ ಕಲ್ಲು, ಅದರ ಹಿಂದೆ ಮತ್ತೆ ಕಲ್ಲು, ಮೂಲೆಗೊಂದು ಕಂಬ, ಕಂಬಕ್ಕೊಂದು ಆಸರೆ. ಓಣಿಯೆಲ್ಲ ಹಳದಿಯಾದಾಗಲೂ ಅದು ಅಚ್ಚ ನೀಲಿಯಾಗಿಯೇ ಉಳಿದಿತ್ತು. ಅದು ನನ್ನ ಪೂಜೆಯ ಕೋಣೆ. ಅದಕ್ಕೆ ಹೊಂದಿಕೊಂಡು ಹುಲ್ಲಿನ ತಡಿಕೆಯ ಒಂದು ಗೂಡು. ಅದು ನೀಲವ್ವನ ಕೋಣೆ. ನಾನು ರಿಮೋಟು ಕೆಳಗಿಟ್ಟು, ಕುಳಿತಲ್ಲಿಂದಲೇ ಕೈಚಾಚಿ ಅವಳ ಹೊರಗೋಡೆಯನ್ನು ಮುಟ್ಟಿದೆ. ದಿನವೂ ಬೆಳಿಗ್ಗೆ ನನ್ನ ಗೋಡೆಯನ್ನು ಮುಟ್ಟುತ್ತಿದ್ದವನು ಇವಳದನ್ನು ಮುಟ್ಟಿ ನೋಡಿರಲಿಲ್ಲ. ಕೆಂಪಗಿತ್ತು.

"ಇದು ಇವತ್ತ ಆಗಿದ್ದಲ್ಲ," ಎಂದಳು ದ್ಯಾಮವ್ವ. "ಯಾವಾಗ್ಲೂ ಕೆಂಪ, ಬೀಳದಂಗ ಅಷ್ಟ ಹಿಡದಿಟ್ಟಿದ್ಲು. ಬೈದೀನಿ ನಾನು. ಒಳಗಿನ ಸಪ್ಪಳಕ್ಕ ಅಣ್ಣನ ಧ್ಯಾನ ಕೆಡತೈತಿ, ನಡುವಿನ ಗ್ವಾಡಿ ದಪ್ಪ ಮಾಡಬೇಕು ಅಂತಿದ್ಲು. ಕಲ್ಲು ತಂದಾಗೊಮ್ಮೆ ಎಲ್ಲಾರಿಗೂ ಕೊಟ್ಟು ಉಳದದ್ದು ನಿಮ್ಮ ಗ್ವಾಡಿಗೆ ಹಾಕ್ತಿದ್ಲು."

ಸುತ್ತಿಗೆಯ ಟಕಟಕ ಜಪಕ್ಕೆ ಅಡ್ಡಿಯಾಗುತ್ತದೆ ಎಂದವನು ನಾನೇ. ಆಮೇಲೆ ಸದ್ದು ಕಡಿಮೆಯಾಯಿತು. ಅವಳೇ ಮೆಲ್ಲಗೆ ಹೊಡೆಯುವುದನ್ನು ಕಲಿತಳೆಂದುಕೊಂಡಿದ್ದೆ. ತಟ್ಟೆ ಬಿದ್ದಾಗ, ಒಂದು ವೇಳೆ ಅವಳು "ಅಣ್ಣಾ" ಎಂದು ಕರೆದಿದ್ದರೆ ಆಗಲೂ, ಆ ದನಿಯನ್ನು ಕುಡಿದದ್ದು ಅವಳೇ ನನಗೆ ಕಟ್ಟಿಕೊಟ್ಟ ಗೋಡೆ.

ನಾನು ಆ ಹೆಂಗಸನ್ನು ನನ್ನ ಕೋಣೆಯ ಮುಂದೆ ನಿಲ್ಲಿಸಿದೆ. "ಬಿಚ್ಚೋ ಗುಂಡಿ ಯಾವ್ದು?" ಎಂದು ಕೇಳಿದೆ.

ದ್ಯಾಮವ್ವ ನನ್ನ ಮುಖ ನೋಡಿದಳು. ಹೇಳಿದಳು.

ಮೊದಲ ಕಲ್ಲು ಹೋದಾಗ ಹೊರಗೆ ಭಜನೆ ನಿಂತಿತು. "ಅಯ್ಯಾರ ಪೂಜಿ ಕೋಣಿ ಹೊಂಟೈತ್ರೋ!" ಎಂದು ಯಾರೋ ಕೂಗಿದರು. ನೀಲವ್ವನ ಕ್ರಿಯೆ ಮಾಡಿಸಲು ಬಂದಿದ್ದ ಕೊಟ್ರಯ್ಯ, ನನ್ನ ಓರಗೆಯ ಅಯ್ಯ, ಒಳಗೆ ನುಗ್ಗಿ ಬಂದ.

"ಮಹಾಂತಯ್ಯಾ, ಬುದ್ಧಿ ನೆಟ್ಟಗೈತೇನ? ತಂಗಿ ಹೊರಗ ಕುಂತಾಳ, ನೀ ಇಲ್ಲಿ ಆಟ ಆಡಕೊಂತ ದೇವರ ಮನಿ ಕೆಡವಾಕತ್ತೀದಿ. ಜನ ಏನಂದಾರು?"

"ಅನ್ಲಿ."

"ಲಿಂಗಪೂಜಿ ಇನ್ನ ಎಲ್ಲಿ ಮಾಡ್ತಿ?"

ನಾನು ರಿಮೋಟು ಬಿಡದೆ, ಗದ್ದದಿಂದ ಎದೆಯ ಕಡೆ ತೋರಿಸಿದೆ. ಲಿಂಗ ಅಲ್ಲೇ ಇತ್ತು, ಎಳವೆಯಲ್ಲಿ ಗುರುಗಳು ಕಟ್ಟಿದಂದಿನಿಂದ ಇದ್ದಂತೆ. ಅದಕ್ಕೆ ಕೋಣೆ ಬೇಕೆಂದು ನನ್ನ ಗುರುಗಳು ಹೇಳಿರಲಿಲ್ಲ. ಲಿಂಗಕ್ಕೆ ಅಂಗೈ ಸಾಕು. ಕೋಣೆ ಬೇಕಾಗಿದ್ದದ್ದು ನನಗೆ. ಕೊಟ್ರಯ್ಯ ಹೊರಗೆ ಹೋಗಿ ತಾನೇ ಭಜನೆ ಎತ್ತಿದ.

ಕಲ್ಲು ಹೊತ್ತು ಆ ಹೆಂಗಸು ಹಳ್ಳಕ್ಕೆ ಇಳಿದಳು. ನಾನು ನಿಲ್ಲಿಸಿದ ಮೊದಲ ಕಂಬ ನಿಂತಲ್ಲೇ ಹಳದಿಯಾಯಿತು. ದ್ಯಾಮವ್ವ ಹಣೆ ಬಡಿದುಕೊಂಡಳು. "ಕೆಸರಿನ ಮ್ಯಾಲೆ ಇಟ್ರೆಲ್ಲ! ಬಂಡಿ ಹುಡುಕ್ರಿ, ಬಂಡಿ. ಪಾಯಾ ಬಂಡಿ ಮ್ಯಾಲಿರಬೇಕು." ಬಿಚ್ಚಿದೆ. ಬಂಡೆ ಹುಡುಕಿ ಮತ್ತೆ ಇಟ್ಟೆ. ಒಂದರ ಮೇಲೊಂದು ಏರಿಸಿದೆ. ಒಂದು ಕಂಬ ಸೊಟ್ಟಗಾಯಿತು. "ಇರ್ಲಿ ಬಿಡ್ರಿ, ಕುಡದಾವ್ರಂಗ ಕಾಣತೈತಿ, ಆದ್ರ ನಿಂತೈತಿ," ಎಂದು ಅವಳು ಮೂಗು ಒರೆಸಿಕೊಳ್ಳುತ್ತಾ ನಕ್ಕಳು. ಮೇಲಂತಸ್ತಿಗೆ ಆನಿಸಿದೆ. ಬಿದ್ದ ಮೆಟ್ಟಿಲನ್ನು ಮತ್ತೆ ಕಟ್ಟಲು ಕಲ್ಲು ಸಾಲದಾದಾಗ ನನ್ನ ಕೋಣೆಯ ಪಾಯವನ್ನೂ ಕಿತ್ತೆ. ಬಿಸಿಲು ಕಿಟಕಿ ಬಿಟ್ಟು ಹೋಗುತ್ತಿದ್ದಾಗ ಓಣಿಯಿಂದ ಗದಿಗೆಪ್ಪನ ಕೂಗು ಬಂತು. "ನೀಲಿ! ಅಯ್ಯಾರ, ನೀಲಿ ಆತ್ರಿ!" ಅವನು ಅಳುತ್ತಿದ್ದ.

ನಾನು ಎದ್ದು ಹೊರಗೆ ಹೋದೆ. ಕಾಲು ಜೋಮು ಹಿಡಿದಿದ್ದವು. ಹಳ್ಳದಿಂದ ನನ್ನ ಸೊಟ್ಟ ಕಂಬಗಳು ಎದ್ದಿದ್ದವು. ಮೇಲಿನ ಕಿಟಕಿಯಿಂದ ಫಕೀರವ್ವ ಕೂಗಿದಳು. "ನೀಲವ್ವಾ, ಆತೇನ? ಮುಂಜಾನೆಯಿಂದ ಉಯ್ಯಾಲ್ಯಾಗ ಮಲಗಿದಂಗಿತ್ತು. ಈಗ ನೆಟ್ಟಗಾತು ನೋಡು. ನಿನ್ನ ಹೊಟ್ಟಿ ತಣ್ಣಗಿರಲಿ ಮಗಳ!"

ನೀಲವ್ವ ಹೋದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗಾಬರಿಯಾಗಿ ಅಲ್ಲಾಡಿಯಾಳೆಂಬ ಹೆದರಿಕೆಯಿಂದ ಗದಿಗೆಪ್ಪ ಇಡೀ ದಿನ ಸುಳ್ಳು ಹೇಳಿದ್ದ. ಈಗ ಅವನು ನೆಲ ನೋಡುತ್ತಿದ್ದ. ಹೊಸ ಮೆಟ್ಟಿಲು ಹತ್ತಿ ನಾನೇ ಹೋದೆ.

"ಯವ್ವಾ, ನಾ ಮಹಾಂತಯ್ಯ," ಎಂದೆ.

"ಬರ್ರಿ ಅಯ್ಯಾರ. ಆಕಿ ಎಲ್ಲಿ?"

"ನೀಲವ್ವ ಲಿಂಗೈಕ್ಯಳಾದ್ಲು. ಮುಂಜಾನೆ. ನನಗೂ ತಡವಾಗಿ ಗೊತ್ತಾತು."

ಫಕೀರವ್ವ ಗೋಡೆಯ ಮೇಲೆ ಕೈಯಿಟ್ಟಳು. "ತಡವಾಗಿ ಅಂದ್ರ? ಒಂದ ಮನ್ಯಾಗ ಇದ್ದಾವ್ರಲ್ಲ ನೀವು?" ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ಅರ್ಥವಾಗದೆ ಕೇಳಿದ್ದು. ಅಂದು ನನಗೆ ಯಾರೂ ಅನ್ನದೆ ಬಿಟ್ಟದ್ದನ್ನೆಲ್ಲ ಆ ಒಂದು ಮಾತು ಅಂದಿತು. "ಹೌದಬೇ, ಒಂದ ಮನ್ಯಾಗ," ಎಂದೆ.

"ನನ್ನ ಇಳಸ್ರಿ. ಆಕಿನ್ನ ನೋಡ್ಬೇಕು," ಎಂದಳು.

ನಾನೂ ಗದಿಗೆಪ್ಪನೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಕತ್ತಲಾಗುವ ಮುನ್ನ ನೀಲವ್ವನನ್ನು ಕುಳಿತ ಭಂಗಿಯಲ್ಲೇ ಸಮಾಧಿಗೆ ಇಳಿಸಿ, ಅಂಗೈಯಲ್ಲಿ ಅವಳ ಲಿಂಗವಿಟ್ಟು, ವಿಭೂತಿ, ಪತ್ರಿಗಳಿಂದ ತುಂಬಿದೆವು. ಆ ರಾತ್ರಿ ನಮ್ಮ ಓಣಿಯಲ್ಲಿ ಒಂದು ಮನೆಯೂ ಬೀಳಲಿಲ್ಲ.

ಮುಂದಿನ ಸೋಮವಾರ ನಾನು ಮನೆಮನೆಗೂ ಹೋಗಿ, ಕಂಬಗಳನ್ನು ನಿಲ್ಲಿಸಿದ್ದು ನನ್ನ ಕೈಯಲ್ಲ, ನನ್ನ ತಂಗಿಯದು ಎಂದು ಹೇಳಿ ಬಂದೆ. ಕೆಲವರು ತಲೆ ತಗ್ಗಿಸಿದರು. ಕೆಲವರು, "ನಮಗ ಗೊತ್ತಿತ್ರಿ ಅಯ್ಯಾರ. ನೀಲವ್ವ ಹೇಳಬ್ಯಾಡ್ರಿ ಅಂದಿದ್ಲು," ಎಂದರು. ಅದನ್ನು ಕೇಳಿ ಹಿಂದಿರುಗುವಾಗ ನನಗೆ ಓಣಿ ಬಹಳ ಉದ್ದವೆನಿಸಿತು.

ಈಗ ದಿನವೂ ಅವಳ ಮಣೆಯ ಮೇಲೆ ಕುಳಿತು ಸುತ್ತಿಗೆ ಹಿಡಿಯುತ್ತೇನೆ. ಚೆನ್ನಾಗಿ ಬರುವುದಿಲ್ಲ. ದ್ಯಾಮವ್ವ ಬಂದು ಬೈದು ಹೋಗುತ್ತಾಳೆ. ಗುಡ್ಡದಿಂದ ಕಲ್ಲು ತಂದು ನೀಲವ್ವನ ಕೋಣೆಗೆ ಗೋಡೆ ಕಟ್ಟಿದ್ದೇನೆ, ವಾಸವಿರುವವರು ಇಲ್ಲದಿದ್ದರೂ. ಪೂಜೆಯನ್ನು ಪಡಸಾಲೆಯಲ್ಲಿ, ಬಂದು ಹೋಗುವವರ ನಡುವೆ ಮಾಡುತ್ತೇನೆ. ಯಾರಾದರೂ ಕರೆದರೆ ಏಳುತ್ತೇನೆ.

ಶಿವನೇ, ನಿನ್ನನ್ನು ಕೇಳಲು ನನಗೆ ಮುಖವಿಲ್ಲ. ಆದರೂ ಅವಳಿಗಾಗಿ ಕೇಳುತ್ತೇನೆ. ನಿನ್ನ ಬಳಿ ಬಂದ ನೀಲವ್ವನಿಗೆ ಯಾರ ಮನೆಯನ್ನೂ ಹೊತ್ತು ನಿಲ್ಲುವ ಕೆಲಸ ಕೊಡಬೇಡ. ಯಾರ ಮಾನವನ್ನೂ ಕಾಯಲು ಅವಳು ಹಸಿದು ಕುಳಿತಿರದಂತೆ ನೋಡಿಕೋ. ಅವಳು ಕರೆದರೆ ಕೇಳು. ಅವಳ ಕೈಗಳಿಗೆ ವಿಶ್ರಾಂತಿ ಕೊಡು, ನನ್ನ ತಂಗಿಗೆ ಶಾಂತಿ ಕೊಡು.